ಡ್ರೈವರ್ ಹಿಂದಿನ ಸೀಟು

ಬನ್ನಿಮಂಟಪದಿಂದ ಹೆಬ್ಬಾಳದ ಕಾರ್ಖಾನೆಗೆ ಶಿಫ್ಟಿನ ಜನರನ್ನು ಕರೆದೊಯ್ಯುವ ಬಸ್ಸನ್ನು ಮಹದೇವು ಬಹಳ ವರ್ಷ ಓಡಿಸಿದ. ಹೆಂಡತಿ ಕುಸುಮಳನ್ನು ಅವನು ಮೊದಲು ನೋಡಿದ್ದೂ ಆ ಬಸ್ಸಿನಲ್ಲೇ. ಆಗ ಅವಳು ಕಾರ್ಖಾನೆಗೆ ಹೊಸದಾಗಿ ಸೇರಿದ್ದಳು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಮಹದೇವು ತಲೆಯ ಮೇಲಿದ್ದ ಕನ್ನಡಿಯನ್ನು ಒಂದು ಚೂರು ಬಗ್ಗಿಸಿಕೊಂಡ, ಅಷ್ಟೆ. ರಸ್ತೆ ನೋಡಬೇಕಾದವನು ಒಂದು ಮಳೆಗಾಲ ಪೂರ್ತಿ ಅವಳನ್ನೂ ನೋಡಿದ. ಆಮೇಲೆ ತಾಯಿ ಅಂಬುಜಮ್ಮನನ್ನು ಹೆಣ್ಣು ಕೇಳಲು ಕಳಿಸಿದ. ಮದುವೆಯಾಗಿ, ಮಗಳು ಮಾನಸ ಎರಡನೇ ಕ್ಲಾಸಿಗೆ ಬಂದರೂ ಕುಸುಮ ಕೆಲಸ ಬಿಟ್ಟಿರಲಿಲ್ಲ. ಸೀಟೂ ಬದಲಾಯಿಸಿರಲಿಲ್ಲ.

ಕೆಮ್ಮು ಶುರುವಾದಾಗ ಅವನು ಧೂಳು ಅಂದ. ಜ್ವರ ಬಂದಾಗ ಹವಾಮಾನ ಅಂದ. ಸೊಂಟದ ಪ್ಯಾಂಟು ಜಾರತೊಡಗಿದಾಗ ಬೆಲ್ಟಿಗೆ ಇನ್ನೊಂದು ತೂತು ಹಾಕಿಸಿಕೊಂಡ. ಕೊನೆಗೆ ಒಂದು ಬೆಳಿಗ್ಗೆ ಸ್ಟೇರಿಂಗಿನ ಮುಂದೆಯೇ ಕೆಮ್ಮಿ, ಕರ್ಚೀಫಿನಲ್ಲಿ ರಕ್ತ ಕಂಡು, ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಪರೀಕ್ಷೆಯಲ್ಲಿ ಟಿಬಿ ಎಂದು ಗೊತ್ತಾಯಿತು. ಅದೂ ಮಾಮೂಲಿ ಮಾತ್ರೆಗೆ ಬಗ್ಗುವ ಟಿಬಿಯಲ್ಲ. ಮೇಲಾಗಿ ಜ್ವರ, ನಿತ್ರಾಣ. ಕಫದಲ್ಲಿ ರೋಗಾಣು ಇಲ್ಲವಾಗುವವರೆಗೆ ಆಸ್ಪತ್ರೆಯಲ್ಲೇ, ಪ್ರತ್ಯೇಕ ರೂಮಿನಲ್ಲಿ ಇರಬೇಕು ಎಂದರು ಎದೆರೋಗದ ಡಾಕ್ಟರ್ ಪದ್ಮಾವತಿ.

ರೂಮು ಕಾರಿಡಾರಿನ ತುದಿಯಲ್ಲಿತ್ತು. ಮೊದಲ ದಿನ ಒಳಗೆ ಬಂದವಳು ಸಿಸ್ಟರ್ ಗೌತಮಿ. ಆಸ್ಪತ್ರೆಯೊಳಗೆ ಒಬ್ಬರಿಂದ ಒಬ್ಬರಿಗೆ ಸೋಂಕು ಹರಡದಂತೆ ನೋಡಿಕೊಳ್ಳುವುದೇ ಅವಳ ಕೆಲಸ. ಮುಖಕ್ಕೆ ಬಿಗಿಯಾಗಿ ಕೂರುವ ದಪ್ಪ ಮಾಸ್ಕ್ ಹಾಕಿಕೊಂಡಿದ್ದಳು. ಎಕ್ಸಾಸ್ಟ್ ಫ್ಯಾನ್ ಹಾಕಿ, ಒಂದು ಊದುಬತ್ತಿ ಹಚ್ಚಿ ಬಾಗಿಲ ಸಂದಿಯ ಹತ್ತಿರ ಹಿಡಿದಳು. ಹೊಗೆ ಕಾರಿಡಾರಿಗೆ ಹೋಗದೆ ರೂಮಿನೊಳಕ್ಕೆ ಎಳೆದುಕೊಂಡು ಬಂದು, ಎದುರು ಗೋಡೆಯ ಮೇಲಿನ ಫ್ಯಾನಿನ ಕಡೆ ಹೋಯಿತು.

"ನೋಡಿದ್ರಾ? ಗಾಳಿ ಹಿಂಗೇ ಓಡಬೇಕು" ಎಂದಳು. "ನೀವು ಕೆಮ್ಮಿದಾಗ ಆಚೆ ಬರೋ ಸಣ್ಣ ಹನಿ ನೆಲಕ್ಕೆ ಬೀಳಲ್ಲ ಕಣ್ರೀ, ಗಾಳೀಲಿ ತೇಲ್ತಾ ಇರುತ್ತೆ. ಮುಚ್ಚಿದ ಜಾಗದಲ್ಲಿ ಗಂಟೆಗಟ್ಟಲೆ. ನೀವು ಎದ್ದು ಹೋದಮೇಲೂ ಅಲ್ಲೇ ಇರುತ್ತೆ. ಅದಕ್ಕೆ ಈ ಬಾಗಿಲು ಯಾವಾಗಲೂ ಮುಚ್ಚಿರಬೇಕು, ಫ್ಯಾನ್ ಓಡ್ತಿರಬೇಕು. ಯಾರಾದ್ರೂ ಒಳಗೆ ಬಂದ್ರೆ ನೀವು ಮಾಸ್ಕ್ ಹಾಕ್ಕೋಬೇಕು. ಎಕ್ಸ್‌ರೇಗೆ ಕರೆದುಕೊಂಡು ಹೋಗೋವಾಗಲೂ ಅಷ್ಟೆ. ನಾವು ಕರೆಯದೆ ಹೊರಗೆ ಬರೋ ಹಾಗಿಲ್ಲ."

"ಬೀಗ ಹಾಕ್ತೀರಾ ಮೇಡಂ?"

"ಯಾಕೆ ಹಾಕಬೇಕು? ನೀವೇನು ಕೈದಿನಾ?"

ಮನೆಯವರು ಬಂದು ಮಾತಾಡುವುದಕ್ಕೆ ಅವಳೇ ಒಂದು ಏರ್ಪಾಟು ಮಾಡಿದ್ದಳು. ರೂಮಿನ ಕಿಟಕಿಯ ಆಚೆ ಆಸ್ಪತ್ರೆಯ ಹಿತ್ತಲು. ಅಲ್ಲಿ ಹೊಂಗೆಮರದ ಕೆಳಗೆ ಒಂದು ಕಲ್ಲುಬೆಂಚು. ಬಂದವರು ಆ ಬೆಂಚಿನ ಮೇಲೆ ಕೂರಬಹುದು, ಮಹದೇವು ಕಿಟಕಿಯ ಈಚೆ ಮಾಸ್ಕ್ ಹಾಕಿಕೊಂಡು ನಿಲ್ಲಬಹುದು. ಬಯಲು ಗಾಳಿಯಲ್ಲಿ ಅಷ್ಟು ದೂರದಿಂದ ಭಯವಿಲ್ಲ ಎಂದಳು ಗೌತಮಿ. ಆ ಬೆಂಚಿನಿಂದ ಎಡಕ್ಕೆ ನೋಡಿದರೆ ಆಸ್ಪತ್ರೆಯ ಗೇಟು, ಗೇಟಿನಾಚೆ ರಸ್ತೆ, ಎಲ್ಲ ಕಾಣುತ್ತಿತ್ತು. ಕಿಟಕಿಯಿಂದಲೂ ಕಾಣುತ್ತಿತ್ತು.

ಬಸ್ಸಿನವರನ್ನೆಲ್ಲ ಕಂಪ್ನಿಯವರು ಪರೀಕ್ಷೆ ಮಾಡಿಸಿದರು. ಕುಸುಮಳಿಗೂ ಮಾನಸಳಿಗೂ ಅಂಬುಜಮ್ಮನಿಗೂ ಏನೂ ಇರಲಿಲ್ಲ. ಮಹದೇವುವಿನ ಬಸ್ಸಿಗೆ ಶಿವರಾಮು ಬಂದ. ಮೊದಲೂ ಮಹದೇವು ರಜೆ ಹಾಕಿದಾಗ ಬರುತ್ತಿದ್ದವನು ಅವನೇ. ಹೂಟಗಳ್ಳಿಯಲ್ಲಿ ತಾಯಿ ಮಂಚಮ್ಮನ ಜೊತೆ ಇದ್ದ. ಮದುವೆ ಆಗಿರಲಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ, ಕಾಲು ಊದುತ್ತಿತ್ತು. ಆಕೆಗೆ ಔಷಧಿ ಇದೇ ಆಸ್ಪತ್ರೆಯಲ್ಲಿ.

ಫಸ್ಟ್ ಶಿಫ್ಟ್ ಮುಗಿಸಿ ಬಸ್ಸು ಬನ್ನಿಮಂಟಪಕ್ಕೆ ಬಂದರೆ ಅಲ್ಲಿಗೆ ಜನ ಎಲ್ಲ ಇಳಿದುಹೋಗುತ್ತಿದ್ದರು. ಕುಸುಮ ಇಳಿಯುತ್ತಿರಲಿಲ್ಲ. ಬಸ್ಸು ನಿಲ್ಲಿಸುವ ಶೆಡ್ಡು ಆಸ್ಪತ್ರೆಯ ದಾರಿಯಲ್ಲೇ ಇದ್ದುದರಿಂದ ಶಿವರಾಮು ಅವಳನ್ನು ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದ. ಮೊದಮೊದಲು ಅವನೂ ಇಳಿದು ಬೆಂಚಿನವರೆಗೆ ಬರುತ್ತಿದ್ದ.

"ಎಂಗಿದೀರಣ್ಣ?"

"ಹಿಂಗಿದೀನಿ ನೋಡಪ್ಪ. ಗಾಡಿ?"

"ಕ್ಲಚ್ಚು ಬದಲಾಯ್ಸಿದ್ವಿ. ಈಗ ಬೆಣ್ಣೆ ಇದ್ದಂಗೈತೆ."

ಬೆಣ್ಣೆ ಇದ್ದಹಾಗಿದೆ ಎಂದದ್ದು ಮಹದೇವುಗೆ ಹಿಡಿಸಲಿಲ್ಲ. ಆ ಕ್ಲಚ್ಚು ಬದಲಾಯಿಸಿ ಎಂದು ಅವನು ವರ್ಷದಿಂದ ಕಂಪ್ನಿಯವರನ್ನು ಕೇಳಿಕೊಂಡಿದ್ದ. ಇವನು ಬಂದ ತಕ್ಷಣ ಬದಲಾಯಿತು. ಆದರೂ ಅದೊಂದು ಬಸ್ಸಿನ ವಿಷಯ. ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದುಕೊಂಡ.

ಮನಸ್ಸಿಗೆ ಹತ್ತಿದ್ದು ಬೇರೆ. ಒಂದು ದಿನ ಕುಸುಮ ಬೆಂಚಿನ ಮೇಲೆ ಕೂತು ಮಗಳ ಸುದ್ದಿ, ಅತ್ತೆಯ ಮಂಡಿನೋವು ಎಲ್ಲ ಹೇಳಿ, "ನಾಳೆ ಸ್ವಲ್ಪ ಲೇಟಾಗುತ್ತೆ ರೀ, ಬಸ್ಸು ಸರ್ವಿಸ್ಸಿಗೆ ಬಿಡಬೇಕಂತೆ, ಶಿವರಾಮು ಹೇಳಿದ್ರು" ಎಂದಳು.

ಶಿವರಾಮು. ಇಷ್ಟು ವರ್ಷ ಅವಳ ಬಾಯಲ್ಲಿ ಅವನು ಶಿವರಾಮಣ್ಣ. ಮನೆಗೆ ಊಟಕ್ಕೆ ಬಂದಾಗಲೂ "ಶಿವರಾಮಣ್ಣ, ಇನ್ನೊಂದು ಮುದ್ದೆ ಹಾಕ್ಲಾ" ಎಂದೇ ಕೇಳುತ್ತಿದ್ದಳು. ಆ ಅಣ್ಣ ಎಲ್ಲಿ ಬಿದ್ದುಹೋದ? ಮಹದೇವು ಏನೂ ಕೇಳಲಿಲ್ಲ. ಅವಳು ಹೋದಮೇಲೆ ಮಂಚದ ಮೇಲೆ ಕೂತು ಆ ಮಾತನ್ನು ಅವಳ ಧ್ವನಿಯಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡ. ಮರುದಿನ ಕಾದ. ಮರುದಿನವೂ ಶಿವರಾಮು ಎಂದೇ ಅಂದಳು.

ಆಮೇಲೆ ಅವನಿಗೆ ಬೇರೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ವಾಂತಿ ತಡೆದುಕೊಂಡು ಮಲಗುವುದು. ಮಧ್ಯಾಹ್ನ ಊಟ ಒಳಗೆ ಬಂದಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಗೇಟಿನ ಕಡೆ ನೋಡುವುದು. ಬಸ್ಸಿನ ಹಾರ್ನ್ ಅವನಿಗೆ ಗೊತ್ತು. ಬಸ್ಸು ನಿಂತ ಮೇಲೆ ಕುಸುಮ ಇಳಿಯುವುದಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ನೋಡುತ್ತಿದ್ದ. ಖಾಲಿ ಬಸ್ಸು. ಬನ್ನಿಮಂಟಪದಿಂದ ಇಲ್ಲಿಯವರೆಗೆ ಅವರಿಬ್ಬರೇ. ನಿಂತ ಮೇಲೆ ತಕ್ಷಣ ಇಳಿದುಬಿಡಬಹುದಲ್ಲ? ಒಂದೊಂದು ದಿನ ಇಳಿಯುತ್ತಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಅವಳ ತಲೆ ಮುಂದಕ್ಕೆ ಬಾಗಿದ್ದು, ಅಲ್ಲಾಡಿದ್ದು ಕಾಣುತ್ತಿತ್ತು. ಏನೋ ಹೇಳುತ್ತಿದ್ದಾಳೆ. ಬೆಂಚಿಗೆ ಬರುವಷ್ಟರಲ್ಲಿ ಮಾಸ್ಕ್ ಹಾಕಿಕೊಂಡಿರುತ್ತಿದ್ದಳು. ಅವನ ಪಾಲಿಗೆ ಬರುತ್ತಿದ್ದದ್ದು ಎರಡು ಕಣ್ಣು ಮಾತ್ರ, ಅದೂ ದಣಿದ ಕಣ್ಣು.

ಒಂದು ಮಧ್ಯಾಹ್ನ ಅವಳು ಹೊರಟು ಗೇಟಿನ ಹತ್ತಿರ ಹೋದಾಗ ಶಿವರಾಮು ಸೌತೆಕಾಯಿ ಗಾಡಿಯ ಹತ್ತಿರ ನಿಂತಿದ್ದ. ಉಪ್ಪು ಖಾರ ಹಚ್ಚಿದ ಹೋಳು ಕೊಟ್ಟ. ಕುಸುಮ ಮಾಸ್ಕನ್ನು ಗದ್ದಕ್ಕೆ ಇಳಿಸಿ ಕಚ್ಚಿದಳು. ಅವನು ಏನೋ ಅಂದ. ಅವಳು ನಕ್ಕಳು. ತಲೆ ಹಿಂದಕ್ಕೆ ಹಾಕಿ, ಬಾಯಿಗೆ ಮುಂಗೈ ಅಡ್ಡ ಹಿಡಿದು, ಭುಜ ಕುಲುಕಿಸಿಕೊಂಡು ನಕ್ಕಳು. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ನಗುತ್ತಿದ್ದದ್ದು ಮಹದೇವುಗೆ ನೆನಪಿತ್ತು. ಈಚೆಗೆ ಯಾವಾಗ ಹಾಗೆ ನಕ್ಕಿದ್ದಳು ಎಂದು ಹುಡುಕಿದ. ಸಿಗಲಿಲ್ಲ. ಕಿಟಕಿಯ ಸರಳನ್ನು ಅವನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳಿಗೆ ತುಕ್ಕಿನ ಗುರುತು ಬಿತ್ತು.

ಮರುದಿನ ಅವಳು ಬಂದು ಕೂತ ಕೂಡಲೇ ಕೇಳಿದ.

"ಬಸ್ಸಲ್ಲಿ ಎಲ್ಲಿ ಕೂರ್ತೀಯ?"

"ಎಲ್ಲಿ ಅಂದ್ರೆ? ಅಲ್ಲೇ, ಯಾವಾಗ್ಲೂ ಕೂರೋ ಕಡೆ."

"ಹಿಂದೆ ಸೀಟಿಲ್ವಾ?"

"ಹಿಂದೆ ಕುಲುಕುತ್ತೆ ರೀ. ಎಂಟು ಗಂಟೆ ನಿಂತು ಬಂದಿರ್ತೀನಿ, ಬೆನ್ನು ಹಿಡಿದುಬಿಡುತ್ತೆ." ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು. "ಯಾಕೆ ಕೇಳ್ತಿದೀರಿ?"

"ಆ ಸೀಟು ಕನ್ನಡೀಲಿ ಕಾಣುತ್ತೆ."

ಅವಳಿಗೆ ಅರ್ಥವಾಯಿತು. ಆ ಕನ್ನಡಿಯ ಕಥೆಯನ್ನು ಮದುವೆಯಾದ ಮೇಲೆ ಅವನೇ ಹೇಳಿ ನಗಿಸಿದ್ದ. ಅವಳ ಕಣ್ಣು ಕಿರಿದಾಯಿತು.

"ಎಲ್ಲರೂ ನಿಮ್ಮ ಹಾಗೇ ಬಸ್ಸು ಓಡಿಸ್ತಾರೆ ಅಂದ್ಕೊಂಡಿದೀರಾ?"

"ನಾಳೆಯಿಂದ ಅವನ ಗಾಡೀಲಿ ಇಲ್ಲಿಗೆ ಬರಬೇಡ. ಬನ್ನಿಮಂಟಪದಲ್ಲಿ ಇಳಿದು ಸಿಟಿ ಬಸ್ಸಲ್ಲಿ ಬಾ."

ಕುಸುಮ ಜಗಳ ಮಾಡಲಿಲ್ಲ. ಆಯ್ತು ಎಂದು ಎದ್ದು ಹೋದಳು. ಮರುದಿನದಿಂದ ಸಿಟಿ ಬಸ್ಸಿನಲ್ಲೇ ಬಂದಳು. ತಡವಾಗಿ ಬರುತ್ತಿದ್ದಳು, ಮಗಳು ಸ್ಕೂಲಿಂದ ಬರುವ ಹೊತ್ತಾಯಿತೆಂದು ಬೇಗ ಏಳುತ್ತಿದ್ದಳು. ಮಾತು ಕಮ್ಮಿಯಾಯಿತು. ಅಷ್ಟಾದರೂ ಮಹದೇವುಗೆ ಸಮಾಧಾನ ಸಿಗಲಿಲ್ಲ. ಮೊದಲು ಅವಳು ಕಣ್ಣಳತೆಯಲ್ಲಿ ಬಸ್ಸಿಂದ ಇಳಿಯುತ್ತಿದ್ದಳು. ಈಗ ಗೇಟಿಗೆ ಬರುವ ಮುಂಚೆ ಎಲ್ಲಿದ್ದಳು ಎಂಬುದೇ ಅವನಿಗೆ ಕಾಣುತ್ತಿರಲಿಲ್ಲ. ಶಿವರಾಮು ಬೆಂಚಿಗೆ ಬರುವುದನ್ನು ನಿಲ್ಲಿಸಿಬಿಟ್ಟ. ಅಂದರೆ ಇವಳು ಅವನಿಗೆ ಹೇಳಿದ್ದಾಳೆ. ನನ್ನ ಗಂಡ ಹೀಗೆ ಅಂದ ಅಂತ ಅವನ ಹತ್ತಿರ ಹೇಳಿಕೊಂಡಿದ್ದಾಳೆ. ಇಬ್ಬರೂ ಕೂತು ತನ್ನ ಬಗ್ಗೆ ಮಾತಾಡಿದ್ದಾರೆ ಅನ್ನುವುದು ಸೌತೆಕಾಯಿ ಗಾಡಿಯ ಹತ್ತಿರದ ಆ ನಗುವಿಗಿಂತ ಹೆಚ್ಚು ಸುಟ್ಟಿತು.

"ಊಟ ಬಿಡ್ತಿದೀರಂತೆ?" ಎಂದು ಗೌತಮಿ ಒಂದು ದಿನ ಕೇಳಿದಳು. "ತೂಕ ಏರ್ತಿಲ್ಲ. ಡಾಕ್ಟರ್ ಬೇಜಾರು ಮಾಡ್ಕೊಂಡ್ರು. ಮನೇಲೇನಾದ್ರೂ ತೊಂದ್ರೆನಾ?"

"ಏನೂ ಇಲ್ಲ ಮೇಡಂ."

"ಹೇಳ್ಬೇಕು ಅನ್ನಿಸಿದ್ರೆ ಹೇಳಿ. ಈ ರೂಮಲ್ಲಿ ಒಬ್ಬರೇ ಇದ್ರೆ ತಲೆ ಎಲ್ಲೆಲ್ಲೋ ಓಡುತ್ತೆ. ನಿಮಗೊಬ್ಬರಿಗೇ ಅಲ್ಲ."

ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಅದಾದ ಕೆಲವು ದಿನಕ್ಕೆ, ಬೆಳಗಿನಿಂದ ಜಿನುಗುಮಳೆ ಹಿಡಿದಿತ್ತು. ಕುಸುಮ ಬರುವ ಹೊತ್ತಿಗೆ ಮುಂಚೆಯೇ ರಸ್ತೆಯಲ್ಲಿ ಆ ಹಾರ್ನ್ ಕೇಳಿಸಿತು. ಮಹದೇವು ಕಿಟಕಿಗೆ ಹೋದ. ತನ್ನ ಬಸ್ಸು ಗೇಟಿನಾಚೆ ನಿಂತಿತ್ತು. ಮೊದಲು ಶಿವರಾಮು ಇಳಿದು ಕೊಡೆ ಬಿಚ್ಚಿದ. ಆಮೇಲೆ ಕುಸುಮ ಇಳಿದಳು. ಎಲೆಹಸಿರು ಚೂಡಿದಾರ್ ಹಾಕಿದ್ದಳು. ಮತ್ತೆ ಬಸ್ಸಿನ ಬಾಗಿಲ ಕಡೆ ತಿರುಗಿ ಏನೋ ಮಾಡುತ್ತಿದ್ದರು, ಕಾಂಪೌಂಡಿನ ಗೋಡೆ ಅಡ್ಡ ಬಂದು ಕಾಣಲಿಲ್ಲ. ಮುಂದೆ ಕಂಡಾಗ ಒಂದು ಕೊಡೆಯ ಕೆಳಗೆ ಒತ್ತಿಕೊಂಡು ನಡೆಯುತ್ತಿದ್ದರು. ಕೊಡೆ ತಗ್ಗಾಗಿತ್ತು, ಕಾಲುಗಳಷ್ಟೇ, ಅವೂ ಮಳೆಯಲ್ಲಿ ಮಸುಕಾಗಿ ಕಾಣುತ್ತಿದ್ದವು. ಬೆಂಚಿನ ಕಡೆ ಬರಲಿಲ್ಲ. ಎದುರಿನ ಕಟ್ಟಡದೊಳಗೆ ಹೋದರು.

ಮಹದೇವು ಕಾದ. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಬೆಂಚನ್ನೇ ನೋಡಿದ. ಬೆಂಚು ನೆನೆಯುತ್ತಿತ್ತು. ಇಷ್ಟು ಹತ್ತಿರ ಬಂದು, ತನ್ನ ಕಿಟಕಿಯ ಮುಂದೆಯೇ, ತಾನು ಹೊರಗೆ ಬರಲಾರನೆಂಬ ಧೈರ್ಯದಲ್ಲಿ. ಅವನು ಬಾಗಿಲು ತೆಗೆದ. ಬೀಗ ಇರಲಿಲ್ಲವಲ್ಲ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಮಾಸ್ಕ್ ಹಾಕಿಕೊಂಡೇ ಹೊರಟ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಂದು, ಅದನ್ನು ಕಿತ್ತು ಜೇಬಿಗೆ ತುರುಕಿಕೊಂಡ. ಒದ್ದೆ ಹಿತ್ತಲು ದಾಟಿ ಎದುರಿನ ಕಟ್ಟಡದ ಬಾಗಿಲು ತಳ್ಳಿದ.

ಅದು ಹೊರರೋಗಿಗಳು ತಮ್ಮ ಸರದಿಗೆ ಕಾಯುವ ದೊಡ್ಡ ಹಾಲ್. ಎರಚಲು ಬರುತ್ತದೆಂದು ಯಾರೋ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬೆಂಚುಗಳು ತುಂಬಿದ್ದವು, ನಿಂತವರೂ ಇದ್ದರು. ಒದ್ದೆ ಬಟ್ಟೆಯ ವಾಸನೆ. ಒಬ್ಬ ಹೆಂಗಸು ಎಳೆಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಮಹದೇವು ಮುಖ ಮುಖ ಹುಡುಕುತ್ತ ನಡುವಿನ ದಾರಿಯಲ್ಲಿ ನಡೆದ. ಹಸಿರು ಕಾಣಿಸಿತು.

ಕುಸುಮ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಅವಳ ಭುಜಕ್ಕೆ ಒರಗಿಕೊಂಡು ಮಂಚಮ್ಮ ಕೂತಿತ್ತು. ಮುದುಕಿಯ ಒಂದು ಕಾಲಿಗೆ ಬಟ್ಟೆ ಸುತ್ತಿತ್ತು, ಕುಸುಮ ಆ ಕಾಲನ್ನು ಎತ್ತಿ ತನ್ನ ಬ್ಯಾಗಿನ ಮೇಲೆ ಇಡುತ್ತಿದ್ದಳು. ಶಿವರಾಮು ದೂರದಲ್ಲಿ ಚೀಟಿ ಮಾಡಿಸುವ ಕ್ಯೂನಲ್ಲಿ ನಿಂತಿದ್ದ. ಕೊಡೆಯ ಕೆಳಗೆ ಮೂರನೆಯದಾಗಿ ಇದ್ದ ಕಾಲುಗಳು ಇವು ಎಂದು ಮಹದೇವುಗೆ ಹೊಳೆಯಿತು. ಹೊಳೆದರೂ ಬಾಯಿ ನಿಲ್ಲಲಿಲ್ಲ.

"ಅವನ ಬಸ್ಸಲ್ಲಿ ಬರಬೇಡ ಅಂತ ಹೇಳಿರಲಿಲ್ವಾ ನಿನಗೆ?"

ಕುಸುಮ ತಲೆ ಎತ್ತಿದಳು. ಅವನ ಬರಿಮುಖ ಕಂಡು ಅವಳ ಬಣ್ಣವೇ ಇಳಿಯಿತು. "ರೀ, ನೀವು ಯಾಕೆ ಇಲ್ಲಿ" ಎನ್ನುವಷ್ಟರಲ್ಲಿ ಅವನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಮಾತು ಕೂಗಾಗಿ, ಕೂಗು ಕೆಮ್ಮಾಗಿ, ನಿಲ್ಲಿಸಲು ಆಗಲಿಲ್ಲ. ಮಂಚಮ್ಮನ ಎದುರೇ, ಕೈಯಳತೆಯಲ್ಲಿ, ಬೆಂಚಿನ ಅಂಚು ಹಿಡಿದು ಬಾಗಿ ಕೆಮ್ಮಿದ. ಕುಸುಮ ಎದ್ದು ತನ್ನ ವೇಲನ್ನು ಮುದ್ದೆ ಮಾಡಿ ಅವನ ಬಾಯಿಗೆ ಒತ್ತಿ ಹಿಡಿದಳು. ಸುತ್ತ ಕೂತವರು ಏಳತೊಡಗಿದರು. "ಇವರಿಗೆ ಏನ್ರೀ ಕಾಯಿಲೆ?" ಎಂದು ಯಾರೋ ಕೇಳಿದರು.

ಗೌತಮಿ ಬಂದದ್ದು ಆಗ. ಮೊದಲು ಅವನ ಮುಖಕ್ಕೆ ಮಾಸ್ಕ್ ಹಾಕಿದಳು. ಆಮೇಲೆ ಹಾಲಿನ ಕಡೆ ತಿರುಗಿ, ದನಿ ಏರಿಸದೆ, "ಎಲ್ಲರೂ ಎದ್ದು ಹೊರಗಿನ ಜಗುಲಿಗೆ ಹೋಗಿ. ನೆನೆದ್ರೂ ಪರವಾಗಿಲ್ಲ. ಮಗು ಮೊದಲು" ಎಂದಳು. ತಾನೇ ಒಂದೊಂದಾಗಿ ಕಿಟಕಿ ತೆಗೆದಳು. ಮಳೆಗಾಳಿ ನುಗ್ಗಿತು. ಶಿವರಾಮು ಓಡಿ ಬಂದು ತಾಯಿಯನ್ನು ಎತ್ತಿಕೊಂಡ. ಹೊರಡುವ ಮುಂಚೆ ಮಹದೇವುವಿನ ಮುಖ ನೋಡಿದ. ಆ ನೋಟದಲ್ಲಿ ಅಪರಾಧಿಯ ಅಳುಕು ಕಾಣಬಹುದೇ ಎಂದು ಮಹದೇವು ಆಗಲೂ ಹುಡುಕಿದ. ಅಲ್ಲಿದ್ದದ್ದು ಸಿಟ್ಟು ಮಾತ್ರ.

ಆ ಹಾಲಿನಲ್ಲಿದ್ದವರನ್ನೆಲ್ಲ ಹುಡುಕಿ, ಫೋನ್ ಮಾಡಿ, ಕರೆಸಿ ಪರೀಕ್ಷೆ ಮಾಡಿಸುವ ಕೆಲಸ ಗೌತಮಿಯ ತಲೆಗೆ ಬಂತು. ಡಾಕ್ಟರ್ ಪದ್ಮಾವತಿ ಸಂಜೆ ರೂಮಿಗೆ ಬಂದು ನಿಂತೇ ಮಾತಾಡಿದರು.

"ಒಂದು ಸಲ ಕೆಮ್ಮಿದ ಮಾತ್ರಕ್ಕೆ ಎಲ್ಲರಿಗೂ ಬರಲ್ಲ. ಆದರೆ ಮುಚ್ಚಿದ ಹಾಲ್, ಅಷ್ಟು ಹತ್ತಿರ, ಆ ವಯಸ್ಸು, ಸಕ್ಕರೆ ಕಾಯಿಲೆ. ಆ ಅಜ್ಜಿ ಬಗ್ಗೆ ಮಾತ್ರ ನನಗೆ ಯೋಚನೆ. ಈಗಲೇ ಗೊತ್ತಾಗಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು." ಬಾಗಿಲ ಹತ್ತಿರ ತಿರುಗಿ, "ಬೀಗ ಹಾಕಿಸಿ ಅಂತ ಮೇಲಿನವರು ಹೇಳಿದ್ರು. ಬೇಡ ಅಂದಿದ್ದು ಗೌತಮಿ" ಎಂದರು.

ಕುಸುಮ ಹಲವು ದಿನ ಬರಲಿಲ್ಲ. ಬದಲು ಅಂಬುಜಮ್ಮ ಬಂದು ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಆ ಮಂಚಮ್ಮಂಗೆ ಕಕ್ಕಸಿಗೆ ಹೋಗೋಕೂ ಯಾರಾದ್ರೂ ಹೆಂಗಸರು ಬೇಕು ಕಣಪ್ಪ. ಮಗ ಕರ್ಕೊಂಡೋಗೋಕಾಯ್ತದಾ? ಅದಕ್ಕೆ ಇವಳು ಬತ್ತೀನಿ ಅಂದಳು. ಮುಗಿಸಿಕೊಂಡು ನಿನ್ನ ಹತ್ರಾನೇ ಬರ್ತಿದ್ದಳು. ಕೇಳಬಾರದಿತ್ತಾ ಮಗಾ?"

ಕೇಳಬಹುದಾಗಿತ್ತು. ಮಹದೇವು ಅದನ್ನು ಒಪ್ಪಿಕೊಂಡ. ಆದರೆ ಅವನಿಗೇ ನಾಚಿಕೆಯಾಗುವಂಥ ಸಂಗತಿಯೆಂದರೆ, ಒಪ್ಪಿಕೊಂಡ ಮೇಲೂ ಆ ಕುದಿ ಪೂರ್ತಿ ತಣ್ಣಗಾಗಲಿಲ್ಲ. ಕುಸುಮ ಬರದ ಮಧ್ಯಾಹ್ನಗಳಲ್ಲಿ ಅವಳು ಆಸ್ಪತ್ರೆಗೆ ಬರುವ ಬದಲು ಹೂಟಗಳ್ಳಿಗೆ ಹೋಗಿ ಆ ಮುದುಕಿಯ ಕಾಲು ತೊಳೆಯುತ್ತಿರಬಹುದು ಎಂದು ಯೋಚಿಸುತ್ತಿದ್ದ. ಆ ಮನೆಯ ಅಡುಗೆಮನೆಯಲ್ಲಿ ಅವಳು ಟೀ ಕಾಸುವುದನ್ನು ಕಾಣುತ್ತಿದ್ದ. ತಪ್ಪು ತನ್ನದು ಎಂದು ಗೊತ್ತಿರುವವನ ಹೊಟ್ಟೆಕಿಚ್ಚಿಗೆ ಹೇಳಿಕೊಳ್ಳಲೂ ಜಾಗವಿರುವುದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವಳು ಬಂದಳು. ಬೆಂಚಿನ ತುದಿಯಲ್ಲಿ ಕೂತಳು.

"ಮಂಚಮ್ಮ ಹೆಂಗಿದಾರೆ?" ಎಂದು ಅವನೇ ಕೇಳಿದ.

"ಮೊದಲ ಪರೀಕ್ಷೇಲಿ ಏನೂ ಇಲ್ಲ. ಆ ಮಗುಗೂ ಏನೂ ಇಲ್ಲ. ಇನ್ನೊಂದು ಸಲ ನೋಡ್ತಾರಂತೆ." ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು. "ನೀವು ನನ್ನ ಮೇಲೆ ಅನುಮಾನ ಪಟ್ಟಿದ್ದು ಒಂದು. ಅದನ್ನ ಮನೇಲಿ ನೋಡ್ಕೋಬಹುದಿತ್ತು. ಆ ಹಾಲಲ್ಲಿ ಇದ್ದೋರಿಗೆ ನೀವು ಯಾರು ಅಂತಾನೂ ಗೊತ್ತಿರಲಿಲ್ಲ ರೀ."

"ಗೊತ್ತು."

"ಗೊತ್ತಾ?"

"ಗೊತ್ತು ಕುಸುಮ. ಅದನ್ನೇ ಯೋಚನೆ ಮಾಡ್ತಾ ಇರ್ತೀನಿ." ಅವನು ಸರಳಿಗೆ ಹಣೆ ಆನಿಸಿದ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಅವನನ್ನ ಅಣ್ಣ ಅನ್ನೋದು ಯಾಕೆ ಬಿಟ್ಟೆ?"

ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಬಿಟ್ಟೆನಾ?" ಎಂದು ತನ್ನನ್ನೇ ಕೇಳಿಕೊಂಡಳು. ನೆನಪು ಮಾಡಿಕೊಂಡಳು. ಇಲ್ಲ ಎಂದು ಹೇಳಿಬಿಡಬಹುದಿತ್ತು, ಹೇಳಲಿಲ್ಲ.

"ಬಿಟ್ಟಿರಬೇಕು. ನನಗೇ ಗೊತ್ತಾಗಲಿಲ್ಲ" ಎಂದಳು. "ನೋಡ್ರೀ, ಸುಳ್ಳು ಹೇಳಲ್ಲ. ಅವರು ಮಾತಾಡಿದ್ರೆ ನಗು ಬರುತ್ತೆ. ಇಲ್ಲಿ ಬಂದ್ರೆ ನಿಮ್ಮ ಕೆಮ್ಮು. ಮನೆಗೆ ಹೋದ್ರೆ ಅತ್ತೆ ಅಳು, ಮಾನಸ ರಾತ್ರಿಯೆಲ್ಲ ಅಪ್ಪ ಯಾವಾಗ ಬರ್ತಾರೆ ಅಂತ. ಆ ಬಸ್ಸಲ್ಲಿ ಕೂತಿದ್ದಷ್ಟು ಹೊತ್ತು ಮಾತ್ರ ನನ್ನ ತಲೆ ಮೇಲೆ ಯಾರೂ ಇರ್ತಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಅಷ್ಟು ಇತ್ತು ಅನ್ನೋದೂ ನಿಜ."

ಇಲ್ಲ ಎಂದಿದ್ದರೆ ಅವನು ನಂಬುತ್ತಿರಲಿಲ್ಲ. ಇಷ್ಟು ಇತ್ತು ಎಂದದ್ದನ್ನು ನಂಬಿದ. ನಂಬಿದ್ದು ನೋಯಿಸಿತು, ಜೊತೆಗೆ ಬಹಳ ದಿನದ ಮೇಲೆ ಅವನಿಗೆ ಅವತ್ತು ನಿದ್ದೆ ಬಂತು.

ಮುಂದಿನ ವಾರಗಳಲ್ಲಿ ಅವನು ಯಾರೂ ಹೇಳದೆ ಊಟ ಮಾಡಿದ. ಎಕ್ಸಾಸ್ಟ್ ಫ್ಯಾನಿನ ಸದ್ದು ಬದಲಾದರೆ ಸಿಸ್ಟರಿಗೆ ಹೇಳಿ ಕಳಿಸುತ್ತಿದ್ದ. ಊಟ ತರುವವರು ಬಾಗಿಲು ಸರಿಯಾಗಿ ಹಾಕದೆ ಹೋದರೆ ಮಾಸ್ಕ್ ಹಾಕಿಕೊಂಡು ಎದ್ದು ಹಾಕುತ್ತಿದ್ದ. ಗೌತಮಿ ಅವನನ್ನು ಮೊದಲಿನಂತೆಯೇ ಮಾತಾಡಿಸಿದಳು, ನಗು ಮಾತ್ರ ಒಂದು ಚೂರು ಕಮ್ಮಿಯಾಗಿತ್ತು. ಅದು ತನಗೆ ಸಲ್ಲಬೇಕಾದದ್ದೇ ಎಂದು ಅವನಿಗೆ ಅನಿಸಿತು. ಕೊನೆಗೆ ಮತ್ತೆ ಮತ್ತೆ ಕಳಿಸಿದ ಕಫದಲ್ಲಿ ರೋಗಾಣು ಕಾಣಲಿಲ್ಲ. ಮಾತ್ರೆ ಇನ್ನೂ ಬಹಳ ಕಾಲ ನುಂಗಬೇಕು, ಆದರೆ ಇವನಿಂದ ಬೇರೆಯವರಿಗೆ ಹರಡುವ ಭಯವಿಲ್ಲ ಎಂದು ಮನೆಗೆ ಕಳಿಸಿದರು. ಕಂಪ್ನಿಯವರು ಸದ್ಯಕ್ಕೆ ಸ್ಟೇರಿಂಗ್ ಕೊಡಲಿಲ್ಲ, ಶೆಡ್ಡಿನಲ್ಲಿ ಬಸ್ಸುಗಳ ಉಸ್ತುವಾರಿಗೆ ಹಾಕಿದರು. ಕುಸುಮ ದಿನವೂ ಶಿವರಾಮು ಓಡಿಸುವ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಯಾವ ಸೀಟು ಎಂದು ಅವನು ಕೇಳಲಿಲ್ಲ. ಕೇಳದಿರಲು ಪ್ರತಿದಿನ ಕಷ್ಟಪಟ್ಟ.

ಮಂಚಮ್ಮನ ಎರಡನೇ ಪರೀಕ್ಷೆಯಲ್ಲಿ ರೋಗಾಣು ಒಳಗೆ ಸೇರಿದೆ, ಆದರೆ ರೋಗವಾಗಿ ಎದ್ದಿಲ್ಲ ಎಂದು ಬಂತು. ಅದು ಮಹದೇವುವಿನಿಂದಲೇ ಬಂದದ್ದೋ ಬೇರೆ ಎಲ್ಲಿಂದಲೋ ಹೇಳಲಾಗುವುದಿಲ್ಲ, ಏಳದಂತೆ ಕೆಲವು ತಿಂಗಳು ಮಾತ್ರೆ ಕೊಡೋಣ ಎಂದರಂತೆ ಪದ್ಮಾವತಿ. ಸುದ್ದಿ ಕೇಳಿದ ಭಾನುವಾರ ಮಹದೇವು ಕುಸುಮಳ ಜೊತೆ ಹೂಟಗಳ್ಳಿಗೆ ಹೋದ. ಒಳಗೆ ಬರಲು ಕರೆದರೂ ಹೋಗದೆ ಅಂಗಳದಲ್ಲೇ ನಿಂತ. ಮಂಚಮ್ಮ ಬಿಸಿಲಿಗೆ ಚಾಪೆ ಹಾಕಿಸಿಕೊಂಡು ಕೂತಿತ್ತು.

"ತಪ್ಪಾಯ್ತವ್ವ" ಎಂದ.

"ನಿನ್ನಿಂದ್ಲೇ ಬಂತೋ ಇನ್ಯಾರಿಂದ್ಲೋ, ಯಾರಿಗೊತ್ತು" ಎಂದಿತು ಮುದುಕಿ. "ಆದ್ರೆ ಅವತ್ತು ನೀನು ಅಂಗೆ ಬಂದು ನಿಂತಿದ್ದು ತಪ್ಪೇ ಕಣಪ್ಪ. ನನ್ ಮಗ ಎರಡು ದಿವ್ಸ ಉಣ್ಣಲಿಲ್ಲ. ಕೂತ್ಕೋ."

ಅವನು ಚಾಪೆಯಿಂದ ದೂರ, ಜಗುಲಿಯ ಕಲ್ಲಿನ ಮೇಲೆ ಕೂತ. ಶಿವರಾಮು ಟೀ ತಂದ. ಮಹದೇವುಗೆ ಒಂದು ಲೋಟ ಕೊಟ್ಟು, "ಸಕ್ಕರೆ ಸಾಕಾ ನೋಡಿ ಅಣ್ಣ" ಎಂದ. ಕುಸುಮಳಿಗೆ ಇನ್ನೊಂದು ಲೋಟ ಕೊಟ್ಟ. ಅವಳನ್ನು ಏನೂ ಕೇಳಲಿಲ್ಲ. ಕುಸುಮ ಟೀಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅವಳು ಒಂದು ಗುಟುಕು ಕುಡಿದು ಸುಮ್ಮನಿದ್ದಳು, ಅಂದರೆ ಅದರಲ್ಲಿ ಸಕ್ಕರೆ ಇರಲಿಲ್ಲ.

ಕೇಳದೆಯೇ ಶಿವರಾಮುಗೆ ಅದು ಗೊತ್ತಿತ್ತು. ಮಹದೇವುವಿನಲ್ಲಿ ಆ ಹಳೇ ಕುದಿ ಮತ್ತೆ ಎದ್ದಿತು. ಲೋಟ ಕೈಯಲ್ಲಿ ಹಾಗೇ ಹಿಡಿದುಕೊಂಡ. ಶಿವರಾಮು ತಲೆ ತಗ್ಗಿಸಿ ತಾಯಿಯ ಕಾಲಿನ ಪಟ್ಟಿ ಸರಿಮಾಡುತ್ತಿದ್ದ. ಕುಸುಮ ಲೋಟದ ಅಂಚಿನ ಮೇಲಿಂದ ಗಂಡನ ಕಡೆ ನೋಡುತ್ತಿದ್ದಳು.

ಅವನು ಮಂಚಮ್ಮನ ಕಡೆ ತಿರುಗಿದ.

"ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತಾ ಅವ್ವ?"

"ತೊಳಸ್ತದೆ ಕಣಪ್ಪ. ನಾಲಿಗೆ ಎಲ್ಲ ಕಬ್ಬಿಣ ನೆಕ್ಕಿದಂಗಾಗೈತೆ."

"ಖಾಲಿ ಹೊಟ್ಟೇಲಿ ನುಂಗಬೇಡಿ. ನನಗೂ ಹಂಗೇ ಆಗ್ತಿತ್ತು. ಮೊದಲು ಒಂದಿಷ್ಟು ಇಡ್ಲಿನೋ ಗಂಜಿನೋ ತಿನ್ನಿ, ಆಮೇಲೆ ಮಾತ್ರೆ. ತೊಳಸೋದು ನಿಂತುಹೋಗುತ್ತೆ. ಆದ್ರೆ ಒಂದು ದಿನಾನೂ ಬಿಡಬೇಡಿ."

"ಬಿಡಲ್ಲ" ಎಂದಿತು ಮುದುಕಿ. "ಇವನು ಬುಡೋಕೆ ಎಲ್ಲಿ ಬುಡ್ತಾನೆ."

ಶಿವರಾಮು ಎದ್ದು ಹೋಗಿ ಒಳಗಿನಿಂದ ಒಂದು ಕುರ್ಚಿ ತಂದು ಮಹದೇವುವಿನ ಪಕ್ಕದಲ್ಲಿ ಇಟ್ಟ. ಕಲ್ಲು ಕಾದಿತ್ತು. ಮಹದೇವು ಎದ್ದು ಕುರ್ಚಿಯಲ್ಲಿ ಕೂತು, ಆರುತ್ತಿದ್ದ ಟೀ ಕುಡಿದ.